ಇಂಕಾ ನಾಡಿಗೆ ಹೊರಟವರ ಪ್ರಶ್ನೆಗಳು

ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ, ಸ್ಪ್ಯಾನಿಷರು ಬರುವ ಮೊದಲು ಆಳಿದ ಇಂಕಾ ಜನರ ನೆಲೆಗಳನ್ನು ನೋಡಿ ಬಂದ ಅನುಭವವನ್ನು ಕಳೆದ ತಿಂಗಳು ಇದೇ ಅಂಕಣದಲ್ಲಿ ಬರೆದಿದ್ದೆ. ಅದನ್ನು ಓದಿ ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಿಂದಲೇ ಹೆಚ್ಚಿನ ಪತ್ರಗಳು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ನನಗೆ 63 ವರ್ಷ, ನಮ್ಮ ಮನೆಯವರಿಗೆ 58. ಇಂಕಾದವರ ಬೆಟ್ಟದ ಊರಾದ ಮಾಚು ಪಿಚುವನ್ನು ಕಣ್ಣಾರೆ ನೋಡಬೇಕೆಂಬುದು ಬಹಳ ವರ್ಷಗಳ ಆಸೆ. ಅಲ್ಲಿಯ ಎತ್ತರಕ್ಕೆ ಉಸಿರು ಕಟ್ಟುತ್ತದೆಂದು ಮಕ್ಕಳು ಬೇಡವೆನ್ನುತ್ತಿದ್ದಾರೆ. ಈ ವಯಸ್ಸಿನಲ್ಲಿ ಹೋಗಬಹುದೇ?
— ಓದುಗರು, ತುಮಕೂರು

ಉತ್ತರ: ವೈದ್ಯರು ಒಪ್ಪಿದರೆ ಧಾರಾಳವಾಗಿ ಹೋಗಬಹುದು. ತಮ್ಮ ವಯಸ್ಸಿಗಿಂತ, ಯಾವ ಊರನ್ನು ಮೊದಲು ನೋಡುತ್ತೀರಿ, ಯಾವುದನ್ನು ನಂತರ ನೋಡುತ್ತೀರಿ ಎಂಬುದೇ ಇಲ್ಲಿ ಮುಖ್ಯವಾಗುತ್ತದೆ. ಮಾಚು ಪಿಚು ಸಮುದ್ರಮಟ್ಟದಿಂದ ಸುಮಾರು 2,430 ಮೀಟರ್ ಎತ್ತರದಲ್ಲಿದೆ. ಆದರೆ ಅಲ್ಲಿಗೆ ಹೋಗುವವರೆಲ್ಲ ವಿಮಾನದಿಂದ ಇಳಿಯುವ ಕುಸ್ಕೊ ನಗರ ಅದಕ್ಕಿಂತಲೂ ಸುಮಾರು ಒಂದು ಸಾವಿರ ಮೀಟರ್ ಮೇಲೆ, ಅಂದರೆ 3,400 ಮೀಟರ್ ಎತ್ತರದಲ್ಲಿದೆ. ನಮ್ಮ ನಂದಿಬೆಟ್ಟದ ಎತ್ತರ 1,478 ಮೀಟರ್ ಎಂಬುದನ್ನು ನೆನೆದರೆ ವ್ಯತ್ಯಾಸ ತಿಳಿಯುತ್ತದೆ. ಕುಸ್ಕೊದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ, ಕಡಲತೀರದ ಲೀಮಾದಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲು ಮಾತ್ರ. ಲೀಮಾದಿಂದ ಹೊರಟ ವಿಮಾನ ಸುಮಾರು ಒಂದೂಕಾಲು ಗಂಟೆಯಲ್ಲಿ ಈ ಎತ್ತರಕ್ಕೆ ತಂದುಬಿಡುವುದರಿಂದ ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ.

ನಾನು ಮಾಡಿದ ತಪ್ಪನ್ನು ತಾವು ಮಾಡಬಾರದೆಂದು ಹೇಳುತ್ತೇನೆ. ಕುಸ್ಕೊ ತಲುಪಿದ ದಿನವೇ ಮಧ್ಯಾಹ್ನ ಸಾಕ್ಸಾಯ್ವಾಮಾನ್ ಕೋಟೆಯ ಏರನ್ನು ಹತ್ತಿದೆ. ರಾತ್ರಿ ತಲೆ ಸಿಡಿದುಹೋಗುವಂತೆ ನೋವು, ವಾಕರಿಕೆ, ಕಣ್ಣು ಮುಚ್ಚಿದರೆ ಉಸಿರು ಕಟ್ಟಿದಂತಾಗಿ ಎಚ್ಚರ. ಮರುದಿನವಿಡೀ ಹಾಸಿಗೆಯಲ್ಲೇ ಕಳೆಯಿತು. ತಾವು ವಿಮಾನ ನಿಲ್ದಾಣದಿಂದ ನೇರವಾಗಿ ಕಾರಿನಲ್ಲಿ ಉರುಬಾಂಬಾ ನದಿಯ ಕಣಿವೆಗೆ ಇಳಿದುಬಿಡಿ. ಅಲ್ಲಿಯ ಓಯಾಂತಾಯ್ತಾಂಬೊ ಸುಮಾರು 2,800 ಮೀಟರ್ ಎತ್ತರದ ಊರು. ಎರಡು ಮೂರು ದಿನ ಅಲ್ಲಿ ತಂಗಿ, ಅಲ್ಲಿಂದಲೇ ರೈಲಿನಲ್ಲಿ ಮಾಚು ಪಿಚು ನೋಡಿಕೊಂಡು, ಕೊನೆಗೆ ಕುಸ್ಕೊಗೆ ಹತ್ತಿದರೆ ಅಷ್ಟರಲ್ಲಿ ದೇಹ ಒಗ್ಗಿಕೊಂಡಿರುತ್ತದೆ. ಮೊದಲ ದಿನ ಹೊಟ್ಟೆ ತುಂಬ ಉಣ್ಣಬೇಡಿ, ಮದ್ಯ ಬೇಡವೇ ಬೇಡ, ನೀರು ಚೆನ್ನಾಗಿ ಕುಡಿಯಿರಿ. ಅಸಿಟಜೋಲಮೈಡ್ ಎಂಬ ಮಾತ್ರೆಯನ್ನು ಅನೇಕರು ತೆಗೆದುಕೊಳ್ಳುತ್ತಾರೆ. ಅದನ್ನು ತಮ್ಮ ವೈದ್ಯರು ಬರೆದುಕೊಟ್ಟರೆ ಮಾತ್ರ ಬಳಸಬೇಕು. ಸುಮ್ಮನೆ ಕುಳಿತಿದ್ದಾಗಲೂ ಏದುಸಿರು, ನಡಿಗೆಯಲ್ಲಿ ತೂರಾಟ, ಮಾತಿನಲ್ಲಿ ಗೊಂದಲ ಕಂಡರೆ ಬೆಳಗಾಗಲೆಂದು ಕಾಯದೆ ವೈದ್ಯರನ್ನು ಕಾಣಬೇಕು, ಕೆಳಗಿನ ಊರಿಗೆ ಇಳಿಯಬೇಕು.

ಅಲ್ಲಿ ಎಲ್ಲೆಡೆ ಕೋಕಾ ಎಲೆಯ ಕಷಾಯ ಕೊಡುತ್ತಾರೆ. ಅದು ಆ ಜನರ ತಲೆಮಾರುಗಳ ರೂಢಿ, ಪೆರುವಿನಲ್ಲಿ ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. ಆದರೆ ಒಂದು ಎಲೆಯನ್ನೂ ನೆನಪಿಗೆಂದು ಚೀಲದಲ್ಲಿ ಇಟ್ಟುಕೊಂಡು ಬರಬೇಡಿ. ಭಾರತದಲ್ಲಿ ಕೋಕಾ ಎಲೆ ಮಾದಕವಸ್ತು ನಿಯಂತ್ರಣ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ.

ಹಳದಿ ಜ್ವರದ ಲಸಿಕೆಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪೆರುವಿನಿಂದ ಭಾರತಕ್ಕೆ ಮರಳುವವರ ಬಳಿ ಈ ಲಸಿಕೆಯ ಪ್ರಮಾಣಪತ್ರ ಇರಲೇಬೇಕು. ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಬೆಂಗಳೂರಿನ ಅಧಿಕೃತ ಕೇಂದ್ರಗಳಲ್ಲಿ ಲಸಿಕೆ ಸಿಗುತ್ತದೆ. ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡಿರಬೇಕು. ಅರವತ್ತು ದಾಟಿದವರಿಗೆ ಈ ಲಸಿಕೆಯಿಂದ ತೊಂದರೆಯಾಗುವ ಸಂಭವ ಉಳಿದವರಿಗಿಂತ ಸ್ವಲ್ಪ ಹೆಚ್ಚು. ಆದ್ದರಿಂದ ಟಿಕೆಟ್ ಕೊಳ್ಳುವ ಮೊದಲೇ ವೈದ್ಯರೊಡನೆ ಇದನ್ನು ಚರ್ಚಿಸಿ.

ಪ್ರಶ್ನೆ: ನಮ್ಮದು ತಲೆತಲಾಂತರದಿಂದ ಕಲ್ಲು ಕೆತ್ತುವ ಮನೆತನ. ಇಂಕಾದವರ ಬಳಿ ಕಬ್ಬಿಣವೇ ಇರಲಿಲ್ಲವೆಂದು ತಾವು ಬರೆದಿದ್ದೀರಿ. ಉಕ್ಕಿನ ಉಳಿ ಇಲ್ಲದೆ, ಗಾರೆಯಿಲ್ಲದೆ, ಕೂದಲು ತೂರದ ಹಾಗೆ ಕಲ್ಲು ಜೋಡಿಸಲು ಹೇಗೆ ಸಾಧ್ಯ? ಕಲ್ಲನ್ನು ಕರಗಿಸಿ ಅಚ್ಚು ಹೊಯ್ದರು, ಅನ್ಯಲೋಕದವರು ಬಂದು ಕಟ್ಟಿದರು ಎಂಬ ವಿಡಿಯೊಗಳನ್ನು ನೋಡಿದ್ದೇನೆ.
— ಯುವ ಶಿಲ್ಪಿ, ಶಿವಾರಪಟ್ಟಣ, ಮಾಲೂರು ತಾಲ್ಲೂಕು

ಉತ್ತರ: ಈ ಪತ್ರ ಓದಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆ ಗೋಡೆಗಳ ಮುಂದೆ ನಿಂತಾಗ, ಶಿವಾರಪಟ್ಟಣದ ಒಬ್ಬರಾದರೂ ಜೊತೆಗಿದ್ದಿದ್ದರೆ ನನಗೆ ಕಾಣದ್ದು ಅವರಿಗೆ ಕಾಣುತ್ತಿತ್ತಲ್ಲಾ ಎಂದು ಅನ್ನಿಸಿದ್ದು ನಿಜ.

ಇಂಕಾ ಕುಶಲಿಗಳ ಮುಖ್ಯ ಸಲಕರಣೆ ಕಲ್ಲೇ ಆಗಿತ್ತು. ನದಿಯಲ್ಲಿ ಉರುಳಿ ಗುಂಡಗಾದ, ಗಟ್ಟಿ ಜಾತಿಯ ಕಲ್ಲುಗಳನ್ನು ಆರಿಸಿ ತಂದು ಅವುಗಳಿಂದಲೇ ಬಡಿದು ಬಡಿದು ಆಕಾರಕ್ಕೆ ತರುತ್ತಿದ್ದರು. ಕಂಚು ಅವರಿಗೆ ಗೊತ್ತಿತ್ತು, ಆದರೆ ಇಂಥ ಗಟ್ಟಿ ಕಲ್ಲನ್ನು ಕಡಿಯಲು ಅದು ಸಾಲದು. ಜಾನ್ ಪಿಯರ್ ಪ್ರೋಟ್ಜನ್ ಎಂಬ ವಾಸ್ತುಶಿಲ್ಪ ಪ್ರಾಧ್ಯಾಪಕರು 1980ರ ದಶಕದಲ್ಲಿ ಅಲ್ಲಿಯ ಕಲ್ಲುಗಣಿಗಳನ್ನು ಪರಿಶೀಲಿಸಿ, ಅಲ್ಲೇ ಸಿಕ್ಕ ಗುಂಡುಕಲ್ಲುಗಳನ್ನು ಹಿಡಿದು ತಾವೇ ಕೆಲಸ ಮಾಡಿ ನೋಡಿದರು. ಆಂಡಿಸೈಟ್ ಎಂಬ ಗಟ್ಟಿ ಕಲ್ಲಿನ ಚಿಕ್ಕ ತುಂಡೊಂದರ ಮೂರು ಮುಖಗಳನ್ನು ಸಮ ಮಾಡಲು ಅವರಿಗೆ ಹಿಡಿದದ್ದು ಸುಮಾರು ಒಂದೂವರೆ ಗಂಟೆ ಮಾತ್ರ. ಮುಖಕ್ಕೆ ದೊಡ್ಡ ಗುಂಡು, ಅಂಚಿಗೆ ಬಂದಾಗ ಸಣ್ಣ ಗುಂಡು. ನೇರವಾಗಿ ಹೊಡೆದರೆ ಅಂಚು ಸಿಡಿಯುತ್ತದೆಂದು ಓರೆಯಾದ ಹೊಡೆತ. ಕುಸ್ಕೊದ ಹಾತುನ್ ರುಮಿಯೊಕ್ ಬೀದಿಯಲ್ಲಿ ಇದನ್ನೇ ನಾನು ಹತ್ತಿರದಿಂದ ನೋಡಿದೆ. ಅಲ್ಲಿ ಹನ್ನೆರಡು ಮೂಲೆಗಳ ಪ್ರಸಿದ್ಧ ಕಲ್ಲಿದೆ. ಅದನ್ನು ಮುಟ್ಟುವಂತಿಲ್ಲ, ಆದರೆ ಇಳಿಬಿಸಿಲು ಓರೆಯಾಗಿ ಬಿದ್ದಾಗ ಮುಖದ ಮೇಲೆಲ್ಲ ಸಿಡುಬಿನ ಕಲೆಯಂಥ ತಗ್ಗುಗಳು ಕಾಣುತ್ತವೆ. ನಡುವೆ ದೊಡ್ಡವು, ಅಂಚಿನತ್ತ ಬಂದಂತೆ ಸಾಸಿವೆಯಷ್ಟಕ್ಕೆ ಇಳಿಯುತ್ತವೆ. ಕರಗಿಸಿ ಹೊಯ್ದ ಕಲ್ಲಿನಲ್ಲಿ ಏಟಿನ ಗುರುತು ಇರುವುದಿಲ್ಲ. ಆ ಒಂದೊಂದು ತಗ್ಗೂ ಒಬ್ಬ ಮನುಷ್ಯನ ಒಂದೊಂದು ಏಟು. ಅದನ್ನು ಅನ್ಯಲೋಕದವರಿಗೆ ಕೊಟ್ಟುಬಿಡುವುದು ಆ ಕೈಗಳಿಗೆ ಮಾಡುವ ಅನ್ಯಾಯವೆಂದೇ ನಾನು ತಿಳಿದಿದ್ದೇನೆ.

ಜೋಡಣೆಯಲ್ಲಿ ಅವರು ಅನುಸರಿಸಿದ ಕ್ರಮವೂ ನಿಮಗೆ ಆಸಕ್ತಿ ಹುಟ್ಟಿಸಬಹುದು. ಮೇಲೆ ಕೂರುವ ಕಲ್ಲಿನ ತಳ ಹೇಗಿದೆಯೋ ಅದಕ್ಕೆ ತಕ್ಕಂತೆ ಕೆಳಗಿನ ಕಲ್ಲಿನ ನೆತ್ತಿಯನ್ನು ತೋಡುತ್ತಿದ್ದರು. ಕಲ್ಲನ್ನು ಇಟ್ಟು, ಎತ್ತಿ, ಒತ್ತು ಬಿದ್ದ ಜಾಗದಲ್ಲಿ ಮತ್ತೆ ಬಡಿದು, ಮತ್ತೆ ಇಟ್ಟು ನೋಡುವ ತಾಳ್ಮೆಯ ಕೆಲಸವಿದು. ಅನೇಕ ಕಲ್ಲುಗಳ ಮೇಲೆ ಇಂದಿಗೂ ಉಳಿದಿರುವ ಉಬ್ಬುಗಳು ಸನ್ನೆಗೋಲು ಅಥವಾ ಹಗ್ಗ ಸಿಕ್ಕಿಸಲು ಬಿಟ್ಟವು ಎಂದು ತಜ್ಞರು ಊಹಿಸುತ್ತಾರೆ. ಗೋಡೆಗಳೆಲ್ಲ ಒಳಮುಖವಾಗಿ ತುಸು ವಾಲಿವೆ, ಬಾಗಿಲು ಕಿಟಕಿಗಳು ಕೆಳಗೆ ಅಗಲ, ಮೇಲೆ ಕಿರಿದು. ಭೂಕಂಪದ ನಾಡಿನಲ್ಲಿ ಇದರ ಬೆಲೆ ಏನೆಂಬುದು 1950ರಲ್ಲಿ ಕಂಡಿತು. ಇಂಕಾದವರ ಕೊರಿಕಾಂಚಾ ದೇಗುಲದ ಮೇಲೆ ಸ್ಪ್ಯಾನಿಷರು ಕಟ್ಟಿದ್ದ ಸಾಂಟೊ ಡೊಮಿಂಗೊ ಮಠ ಆ ವರ್ಷದ ಭೂಕಂಪದಲ್ಲಿ ತೀವ್ರವಾಗಿ ಜಖಂಗೊಂಡಾಗ, ಅದರೊಳಗೆ ಮುಚ್ಚಿಹೋಗಿದ್ದ ಇಂಕಾ ಗೋಡೆಗಳು ಕದಲದೆ ನಿಂತಿದ್ದವು.

ಓಯಾಂತಾಯ್ತಾಂಬೊದಲ್ಲಿ ಆರು ಭಾರಿ ಚಪ್ಪಡಿಗಳನ್ನು ನಿಲ್ಲಿಸಿರುವ ಗೋಡೆಯಿದೆ. ಆ ನಸುಗೆಂಪು ಕಲ್ಲು ಬಂದದ್ದು ನದಿಯಾಚೆಯ ಬೆಟ್ಟದ ಗಣಿಯಿಂದ. ಚಕ್ರದ ಗಾಡಿಯಿಲ್ಲ, ಎತ್ತು ಕುದುರೆಗಳಿಲ್ಲ. ಲಾಮಾ ಎಂಬ ಪ್ರಾಣಿ ಹೊರುವುದು ಸಾಮಾನ್ಯವಾಗಿ ಮೂವತ್ತು ಕಿಲೊಗಿಂತ ಕಡಿಮೆ. ಹಗ್ಗ ಕಟ್ಟಿ ನೂರಾರು ಜನ ಎಳೆದದ್ದೇ. ಎಳೆಯಲಾಗದೆ ನಡುದಾರಿಯಲ್ಲಿ ಬಿಟ್ಟ ಕಲ್ಲುಗಳು ಈಗಲೂ ಹೊಲಗಳ ನಡುವೆ ಬಿದ್ದಿವೆ. ಅವನ್ನು ಊರಿನವರು ‘ದಣಿದ ಕಲ್ಲುಗಳು’ ಎಂದು ಕರೆಯುತ್ತಾರೆ.

ಪ್ರಶ್ನೆ: ಕೆರೆ ಉಳಿಸುವ ಕೆಲಸದಲ್ಲಿ ತೊಡಗಿರುವವರು ನಾವು. ಬೆಟ್ಟದ ತುದಿಯ ಮಾಚು ಪಿಚುವಿಗೆ ನೀರು ಎಲ್ಲಿಂದ ಬರುತ್ತಿತ್ತು?
— ಓದುಗರು, ಮುಳಬಾಗಿಲು

ಉತ್ತರ: ಊರಿನ ಹಿಂದಿರುವ ಎತ್ತರದ ಬೆಟ್ಟದ ಇಳಿಜಾರಿನ ಒಂದು ಊಟೆಯಿಂದ. ಅಲ್ಲಿಂದ ಸುಮಾರು 750 ಮೀಟರ್ ಉದ್ದದ ಕಲ್ಲಿನ ಕಾಲುವೆ ನೀರನ್ನು ಊರೊಳಕ್ಕೆ ತರುತ್ತದೆ. ಊರಿನಲ್ಲಿ ಒಂದರ ಕೆಳಗೊಂದರಂತೆ 16 ನೀರ್ದೊಟ್ಟಿಗಳಿದ್ದು, ಮೊದಲನೆಯದು ಅರಸನ ಬಿಡಾರವೆಂದು ಗುರುತಿಸಿರುವ ಮನೆಯ ಪಕ್ಕದಲ್ಲಿದೆ. ಸ್ವಚ್ಛ ನೀರು ಮೊದಲು ಅಲ್ಲಿಗೆ, ಉಳಿದದ್ದು ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ.

ಆದರೆ ಅವರ ಮುಖ್ಯ ಸಮಸ್ಯೆ ನಮ್ಮದಕ್ಕೆ ತೀರಾ ವಿರುದ್ಧವಾದದ್ದು. ಸುರಿವ ಅಲ್ಪ ಮಳೆಯನ್ನು ಹಿಡಿದಿಡಲು ಕೋಲಾರದ ಹಿರಿಯರು ಏರಿ ಕಟ್ಟಿ, ತೂಬು ಇಟ್ಟು, ನೀರುಗಂಟಿಯನ್ನು ನೇಮಿಸಿದರು. ಮಾಚು ಪಿಚುವಿನಲ್ಲಿ ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ಮಳೆ, ಅಂದರೆ ಕೋಲಾರದ ಮಳೆಯ ಎರಡು ಪಟ್ಟಿಗೂ ಮಿಗಿಲು. ಅದೂ ಕಡಿದಾದ ಬೆಟ್ಟದ ಮೇಲೆ. ನೀರನ್ನು ಬಿಟ್ಟುಕೊಡದಿದ್ದರೆ ಊರೇ ಜಾರಿ ನದಿಗೆ ಬೀಳುತ್ತಿತ್ತು. ಆದ್ದರಿಂದ ಪ್ರತಿ ಮೆಟ್ಟಿಲು ಗದ್ದೆಯ ಅಡಿಯಲ್ಲೂ ಮೊದಲು ದಪ್ಪ ಕಲ್ಲು, ಅದರ ಮೇಲೆ ಜಲ್ಲಿ ಮರಳು, ಮೇಲೆ ಮಣ್ಣು ಎಂದು ಪದರಗಳನ್ನು ಹಾಕಿ, ಗೋಡೆಗಳಲ್ಲಿ ನೂರಕ್ಕೂ ಹೆಚ್ಚು ಕಂಡಿಗಳನ್ನು ಬಿಟ್ಟಿದ್ದಾರೆ. ಊರಿಗೆಲ್ಲ ಕೋಡಿ ಕಟ್ಟಿದಂತೆ ಎನ್ನಬಹುದು. ಕಟ್ಟಡದ ಶ್ರಮದಲ್ಲಿ ಅರ್ಧಕ್ಕಿಂತ ಹೆಚ್ಚು ನೆಲದೊಳಗೇ ಅಡಗಿದೆ ಎಂಬುದು ಇದನ್ನು ಅಧ್ಯಯನ ಮಾಡಿದ ಜಲ ಎಂಜಿನಿಯರ್ ಕೆನೆತ್ ರೈಟ್ ಅವರ ಅಂದಾಜು.

ತಮ್ಮಂಥವರಿಗೆ ನಾನು ಮಾಚು ಪಿಚುವಿಗಿಂತ ಹೆಚ್ಚು ಒತ್ತಾಯದಿಂದ ಹೇಳುವುದು ಕುಸ್ಕೊಗೆ ಹತ್ತಿರದ ತೀಪೋನ್ ಎಂಬ ನೆಲೆಯನ್ನು. ಅಲ್ಲಿಯ ಕಾಲುವೆಗಳಲ್ಲಿ ಈಗಲೂ ನೀರು ಹರಿಯುತ್ತದೆ, ಪ್ರವಾಸಿಗರ ಗದ್ದಲವೂ ಕಡಿಮೆ. ಓಯಾಂತಾಯ್ತಾಂಬೊದ ಬೀದಿಬೀದಿಯಲ್ಲೂ ಇಂಕಾ ಕಾಲದ ಕಲ್ಲುಗಾಲುವೆ ಹರಿಯುತ್ತದೆ. ಆ ಬೀದಿಗಳ ಮನೆಗಳಲ್ಲಿ ಜನ ಇಂದಿಗೂ ವಾಸವಾಗಿದ್ದಾರೆ.

ಪ್ರಶ್ನೆ: ನಾವು ಆಲೂಗಡ್ಡೆ ಬೆಳೆಯುವವರು. ಅದು ಆ ನಾಡಿನದೇ ಗಡ್ಡೆ ಎಂದು ಬರೆದಿದ್ದಿರಿ. ಅಲ್ಲಿ ಹೇಗೆ ಬೆಳೆಯುತ್ತಾರೆ, ರೈತರು ನೋಡುವಂಥದ್ದು ಏನಿದೆ?
— ರೈತ ಮಹಿಳೆ, ಚಿಂತಾಮಣಿ ತಾಲ್ಲೂಕು

ಉತ್ತರ: ತಾಯಿ, ನೀವು ನೋಡಬೇಕಾದದ್ದು ಬಹಳವಿದೆ. ಪೆರುವಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಬಗೆಯ ಆಲೂಗಡ್ಡೆಗಳಿವೆ: ನೇರಳೆ, ಕೆಂಪು, ಕಪ್ಪು, ಬೆರಳುದ್ದದವು, ಗಂಟುಗಂಟಾದವು. ಪೀಸಾಕ್ ಎಂಬ ಊರಿನ ಮೇಲಿನ ಬೆಟ್ಟದಲ್ಲಿ ಕೆಚುವಾ ಭಾಷೆಯಾಡುವ ರೈತ ಸಮುದಾಯಗಳು ಸೇರಿ ‘ಆಲೂಗಡ್ಡೆ ಉದ್ಯಾನ’ವನ್ನೇ ನಡೆಸುತ್ತಿವೆ, ಅಲ್ಲಿ ರೈತರೇ ತಳಿಗಳನ್ನು ತೋರಿಸಿ ವಿವರಿಸುತ್ತಾರೆ. ಒಂದೇ ಹೊಲದಲ್ಲಿ ಹತ್ತಾರು ತಳಿಗಳನ್ನು ಬೆರೆಸಿ ನೆಡುವುದು ಅವರ ರೂಢಿ. ಇಬ್ಬನಿ ಹೆಪ್ಪುಗಟ್ಟಿ ಒಂದು ಸತ್ತರೂ ಇನ್ನೊಂದು ಉಳಿಯುತ್ತದೆ, ಅಂಗಮಾರಿ ತಗುಲಿದರೂ ಎಲ್ಲವೂ ಒಟ್ಟಿಗೆ ಹೋಗುವುದಿಲ್ಲ. ನಮ್ಮ ರಾಗಿ ಹೊಲದ ಅಕ್ಕಡಿ ಸಾಲಿನ ತಿಳಿವಳಿಕೆಯೇ ಅಲ್ಲಿಯೂ ಇದೆ. ಪ್ರತಿ ಹಂಗಾಮಿನಲ್ಲೂ ಪಂಜಾಬಿನ ಬಿತ್ತನೆ ಗಡ್ಡೆಯ ಬೆಲೆಗೆ ಕಾಯುವ ನಮ್ಮ ರೈತರು ಆ ಹೊಲಗಳಲ್ಲಿ ಒಂದು ದಿನ ಕಳೆಯುವುದಾದರೆ ಎಷ್ಟು ಚೆನ್ನಾಗಿತ್ತು ಎನಿಸಿತು.

ಗಡ್ಡೆಯನ್ನು ಅವರು ವರ್ಷಗಟ್ಟಲೆ ಕೆಡದಂತೆ ಇಡುವ ವಿಧಾನವನ್ನೂ ತಿಳಿಸುತ್ತೇನೆ. ಜೂನ್ ಜುಲೈ ತಿಂಗಳ ರಾತ್ರಿಯಲ್ಲಿ ಗಡ್ಡೆಗಳನ್ನು ಬಯಲಿನಲ್ಲಿ ಹರವುತ್ತಾರೆ, ಅವು ಹೆಪ್ಪುಗಟ್ಟುತ್ತವೆ. ಹಗಲಿನ ಬಿಸಿಲಿಗೆ ಮೆತ್ತಗಾದಾಗ ಬರಿಗಾಲಿನಲ್ಲಿ ತುಳಿದು ನೀರು ಹಿಂಡುತ್ತಾರೆ. ಕೆಲವು ದಿನ ಹೀಗೇ ಮಾಡಿದರೆ ಬೆಂಡಿನಂತೆ ಹಗುರವಾಗುವ ಈ ‘ಚೂನ್ಯೊ’ ಇಂಕಾ ಸೈನ್ಯದ ಉಗ್ರಾಣಗಳಲ್ಲಿ ತುಂಬಿರುತ್ತಿತ್ತು. ಮಾರುಕಟ್ಟೆಯಲ್ಲಿ ನಾನು ಒಂದನ್ನು ಕೈಗೆ ತೆಗೆದುಕೊಂಡಾಗ ನದಿಯ ಸಣ್ಣ ಕಲ್ಲೆಂದೇ ಭಾವಿಸಿದೆ, ಆದರೆ ತೂಕವೇ ಇರಲಿಲ್ಲ.

ಮೊರಾಯ್ ಎಂಬಲ್ಲಿರುವ ಬಾವಿಯಾಕಾರದ ಮೆಟ್ಟಿಲು ಗದ್ದೆಗಳನ್ನೂ ನೋಡಿ. ಅವು ಬೆಳೆಗಳ ಪ್ರಯೋಗಕ್ಕಾಗಿ ಕಟ್ಟಿದವೆಂಬ ಮಾತು ಪ್ರಚಲಿತವಾಗಿದೆ, ಆದರೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಪ್ರಶ್ನೆ: ವೀಸಾ, ಟಿಕೆಟ್, ಸಸ್ಯಾಹಾರ, ಹೋಗಲು ಸೂಕ್ತ ತಿಂಗಳು ಇವುಗಳ ಬಗ್ಗೆ ತಿಳಿಸಿ. ಇಂಕಾ ಹಾದಿಯಲ್ಲಿ ನಡೆದೇ ಹೋಗಬೇಕೆಂಬ ಆಸೆಯೂ ಇದೆ.
— ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿರಾದಿಂದ ಹಲವರು

ಉತ್ತರ: ಭಾರತೀಯರಿಗೆ ಪೆರುವಿನ ವೀಸಾ ಬೇಕು. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಥವಾ ಯುರೋಪಿನ ಷೆಂಗೆನ್ ದೇಶಗಳ ವೀಸಾ ಕನಿಷ್ಠ ಆರು ತಿಂಗಳ ಅವಧಿಯೊಡನೆ ಇದ್ದರೆ ವಿನಾಯಿತಿಯಿದೆ. ನಿಯಮಗಳು ಬದಲಾಗುವುದರಿಂದ ದೆಹಲಿಯ ಪೆರು ರಾಯಭಾರ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ನೇರ ವಿಮಾನವಿಲ್ಲ. ಅಮೆರಿಕದ ಮೂಲಕ ಹೋಗುವುದಾದರೆ ವಿಮಾನ ಬದಲಿಸುವುದಕ್ಕೂ ಆ ದೇಶದ ವೀಸಾ ಬೇಕೆಂಬುದು ನೆನಪಿರಲಿ.

ಮಾಚು ಪಿಚುವಿನ ಟಿಕೆಟ್ಟಿನಲ್ಲಿ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ದಿನ, ಗಂಟೆ ಮತ್ತು ಒಳಗೆ ನಡೆಯುವ ದಾರಿ ಎಲ್ಲವೂ ನಿಗದಿಯಾಗಿರುತ್ತವೆ. ಜೂನ್‌ನಿಂದ ಆಗಸ್ಟ್‌ವರೆಗಿನ ಟಿಕೆಟ್ಟುಗಳು ತಿಂಗಳುಗಳ ಮೊದಲೇ ಮುಗಿಯುತ್ತವೆ. ಪಾಸ್‌ಪೋರ್ಟಿನ ಮೂಲಪ್ರತಿಯೇ ಕೈಯಲ್ಲಿರಬೇಕು. ಶೌಚಾಲಯ ಪ್ರವೇಶದ್ವಾರದ ಹೊರಗೆ ಮಾತ್ರವಿದೆ. ಹಿರಿಯರನ್ನು ಕರೆದೊಯ್ಯುವವರು ಇದನ್ನು ಮೊದಲೇ ತಿಳಿಸಿಡಿ. ಸಾಕ್ಸಾಯ್ವಾಮಾನ್, ಪೀಸಾಕ್, ಓಯಾಂತಾಯ್ತಾಂಬೊ, ಮೊರಾಯ್, ತೀಪೋನ್ ಇವಕ್ಕೆಲ್ಲ ಒಂದೇ ಸಂಯುಕ್ತ ಟಿಕೆಟ್ ಕುಸ್ಕೊದಲ್ಲಿ ದೊರೆಯುತ್ತದೆ.

ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಮಳೆ ಕಡಿಮೆ, ಆದರೆ ರಾತ್ರಿ ಕೊರೆಯುವ ಚಳಿ. ಸಸ್ಯಾಹಾರಿಗಳು ‘ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ’ ಎಂಬ ಮೂರನ್ನೂ ಹೇಳಬೇಕು: ಮಾಂಸ, ಕೋಳಿ, ಮೀನು ಬೇಡವೆಂದು ಅರ್ಥ. ಬರೀ ಮಾಂಸ ಬೇಡವೆಂದರೆ ಕೋಳಿಯ ಸಾರು ಬರುತ್ತದೆ. ಕಿನೋವಾ ಗಂಜಿ, ಬೇಯಿಸಿದ ದಪ್ಪ ಕಾಳಿನ ಮುಸುಕಿನ ಜೋಳ, ಗಿಣ್ಣಿನಂಥ ಚೀಸ್ ಎಲ್ಲೆಡೆ ಸಿಗುತ್ತವೆ.

ಮಾಚು ಪಿಚುವಿಗೆ ಕರೆದೊಯ್ಯುವ ಇಂಕಾ ಹಾದಿಯ ನಡಿಗೆ ಸುಮಾರು 43 ಕಿಲೊಮೀಟರ್, ನಾಲ್ಕು ದಿನ. ಮಾರ್ಗದರ್ಶಕರು, ಹೊರೆಯವರು ಸೇರಿ ದಿನಕ್ಕೆ 500 ಜನರಿಗಷ್ಟೇ ಅವಕಾಶ, ಫೆಬ್ರುವರಿಯಲ್ಲಿ ಮುಚ್ಚಿರುತ್ತದೆ. ಅತಿ ಎತ್ತರದ ಕಣಿವೆದಾರಿ 4,215 ಮೀಟರ್. ಮಧುಗಿರಿ ಬೆಟ್ಟವನ್ನು ಹತ್ತಿಳಿದು ಕಾಲುಗಳನ್ನು ಪಳಗಿಸಬಹುದು, ಉಸಿರನ್ನು ಪಳಗಿಸುವುದು ಅಲ್ಲೇ ಆಗಬೇಕು.

ಪ್ರಶ್ನೆ: ನಮ್ಮ ತಂದೆ ಚಿನ್ನದ ಗಣಿಯಲ್ಲಿ ದುಡಿದವರು. ಇಂಕಾದವರ ಚಿನ್ನವನ್ನು ಅಲ್ಲಿ ಈಗ ನೋಡಲು ಸಿಗುತ್ತದೆಯೇ?
— ಓದುಗರು, ಕೆಜಿಎಫ್

ಉತ್ತರ: ಬಹಳ ಕಡಿಮೆ. 1532ರ ನವೆಂಬರ್‌ನಲ್ಲಿ ಕಾಹಾಮಾರ್ಕಾದಲ್ಲಿ ಸ್ಪೇನಿನ ದಂಡನಾಯಕ ಪಿಸಾರೊನ ಕಡೆಯವರು ಇಂಕಾ ಅರಸ ಅತವಾಲ್ಪನನ್ನು ಸೆರೆಹಿಡಿದರು. ಬಿಡುಗಡೆಗಾಗಿ ಆತ ಒಂದು ಕೋಣೆಯ ತುಂಬ ಚಿನ್ನವನ್ನೂ ಎರಡು ಪಾಲು ಬೆಳ್ಳಿಯನ್ನೂ ತರಿಸಿಕೊಟ್ಟ. 1533ರಲ್ಲಿ ಅವನನ್ನು ಕೊಂದೇಬಿಟ್ಟರು. ಪಾತ್ರೆ, ಪ್ರತಿಮೆ, ಗೋಡೆಯ ತಗಡು ಎಲ್ಲವನ್ನೂ ಕುಲುಮೆಗೆ ಹಾಕಿ ಗಟ್ಟಿಗಳನ್ನಾಗಿ ಮಾಡಿ ಹಂಚಿಕೊಂಡರು. ಕೊರಿಕಾಂಚಾ ಎಂದರೆ ಚಿನ್ನದ ಆವರಣ. ಅಲ್ಲೀಗ ನೋಡಲು ಉಳಿದಿರುವುದು ಬೂದುಬಣ್ಣದ ಕಲ್ಲಿನ ಗೋಡೆ. ಲೀಮಾದ ಲಾರ್ಕೊ ವಸ್ತುಸಂಗ್ರಹಾಲಯದಲ್ಲಿ ಚಿನ್ನದ ಅಪೂರ್ವ ಕೆಲಸಗಳಿವೆ, ಆದರೆ ಹೆಚ್ಚಿನವು ಇಂಕಾದವರಿಗಿಂತ ಹಿಂದಿನ ಜನರವು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಸಯನೈಡ್ ದಿಬ್ಬಗಳನ್ನು ನೋಡುತ್ತ ಬೆಳೆದ ತಮಗೆ, ಆ ಬರಿಯ ಗೋಡೆಯ ಮುಂದೆ ನಿಂತಾಗ ಏನನ್ನಿಸಬಹುದೆಂಬುದನ್ನು ನಾನು ಬೇರೆ ಹೇಳಬೇಕಾಗಿಲ್ಲ.

ಪ್ರಶ್ನೆ: ಎಲ್ಲವೂ ಪಾಳುಬಿದ್ದ ನೆಲೆಗಳೇ ಆದವು. ಇಂಕಾದವರು ಕಟ್ಟಿದ್ದರಲ್ಲಿ ಇಂದಿಗೂ ಅದೇ ರೀತಿ ಕಟ್ಟುತ್ತಿರುವಂಥದ್ದು ಏನಾದರೂ ಇದೆಯೇ?
— ಕಾಲೇಜು ವಿದ್ಯಾರ್ಥಿನಿ, ತಿಪಟೂರು

ಉತ್ತರ: ಇದೆ. ಅಪುರಿಮಾಕ್ ನದಿಯ ಮೇಲಿನ ಕೆಸ್ವಚಾಕಾ ಎಂಬ ಹುಲ್ಲಿನ ತೂಗುಸೇತುವೆ. ಸುಮಾರು 28 ಮೀಟರ್ ಉದ್ದದ ಈ ಸೇತುವೆ, ಆರು ದೇಶಗಳಲ್ಲಿ ಹರಡಿದ್ದ ಇಂಕಾ ರಸ್ತೆಜಾಲದ ಒಂದು ಕೊಂಡಿ. ಇಚು ಎಂಬ ಬೆಟ್ಟದ ಹುಲ್ಲನ್ನು ಮನೆಮನೆಯವರೂ ಕೊಯ್ದು ತರುತ್ತಾರೆ. ಹೆಂಗಸರು ಅದನ್ನು ಸಣ್ಣ ಹುರಿಯಾಗಿ ಹೊಸೆಯುತ್ತಾರೆ, ಗಂಡಸರು ಹುರಿಗಳನ್ನು ಸೇರಿಸಿ ತೋಳು ದಪ್ಪದ ಹಗ್ಗ ಮಾಡಿ ಸೇತುವೆ ನೇಯುತ್ತಾರೆ. ಪ್ರತಿ ವರ್ಷ, ಸಾಮಾನ್ಯವಾಗಿ ಜೂನ್ ಎರಡನೆಯ ವಾರ, ನಾಲ್ಕು ಸಮುದಾಯಗಳು ಸೇರಿ ಮೂರು ದಿನಗಳಲ್ಲಿ ಇದನ್ನು ಮುಗಿಸುತ್ತವೆ, ಹಳೆಯದನ್ನು ಕಡಿದು ನದಿಗೆ ಬಿಡುತ್ತವೆ. ಇದಕ್ಕೆ ಕೂಲಿಯಿಲ್ಲ. ಅವರು ‘ಐನಿ’ ಎನ್ನುವ ಈ ಪದ್ಧತಿಗೆ ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಹೆಸರಿದೆ. ನಿಮ್ಮ ಅಜ್ಜಿಯವರನ್ನು ಕೇಳಿದರೆ ಹೇಳುತ್ತಾರೆ. 2013ರಲ್ಲಿ ಯುನೆಸ್ಕೊ ಈ ಸೇತುವೆ ಕಟ್ಟುವ ವಿದ್ಯೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕೊರೊನಾದಿಂದಾಗಿ 2020ರಲ್ಲಿ ಕಟ್ಟಲಾಗಲಿಲ್ಲ, 2021ರ ಮಾರ್ಚ್‌ನಲ್ಲಿ ಹಳೆಯ ಸೇತುವೆ ಕುಸಿದುಬಿತ್ತು. ಅದೇ ಜೂನ್‌ನಲ್ಲಿ ಜನ ಮತ್ತೆ ಕಟ್ಟಿದರು.

ನಾನು ಹೋದದ್ದು ಸೆಪ್ಟೆಂಬರ್‌ನಲ್ಲಿ. ಹುಲ್ಲು ಒಣಗಿ ಕಂದಾಗಿತ್ತು. ಕೈಹಗ್ಗವನ್ನು ಹಿಡಿದಾಗ ಬಿಸಿಲಿಗೆ ಕಾದ ರಾಗಿ ಹುಲ್ಲಿನ ಬಣವೆಯ ವಾಸನೆಯೇ ಬಂತು. ಕುಸ್ಕೊದಿಂದ ರಸ್ತೆಯಲ್ಲಿ ಹಲವು ಗಂಟೆಗಳ ದಾರಿ, ಜಾಗವೂ ಕುಸ್ಕೊಗಿಂತ ಎತ್ತರದಲ್ಲಿದೆ. ಆದ್ದರಿಂದ ಪ್ರವಾಸದ ಕೊನೆಯ ದಿನಗಳಿಗೆ ಇಟ್ಟುಕೊಳ್ಳಿ, ನಸುಕಿನಲ್ಲೇ ಹೊರಡಿ, ಉಣ್ಣೆಯ ಟೋಪಿಯನ್ನು ಮರೆಯಬೇಡಿ.